ಹತ್ತನೇ ತರಗತಿಯ ನಂತರವೂ ಉಳಿಯುವ ಕರಾಟೆ ಬಳಗ: ಅಭ್ಯಾಸ, ವೇದಿಕೆ ಮತ್ತು ಸ್ಪರ್ಧೆಯನ್ನು ಜೋಡಿಸುವ ಬಗೆ

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಸಂಜೆ ಐದೂವರೆಯ ಹೊತ್ತಿಗೆ ಯಾವುದಾದರೂ ಭಜನಾ ಮಂದಿರದ ಸಭಾಂಗಣ, ಯುವಕ ಮಂಡಲದ ಕಟ್ಟಡ ಅಥವಾ ಶಾಲೆಯ ಜಗಲಿಯ ಮುಂದೆ ಹಾದುಹೋದರೆ, ಬಿಳಿ ಡ್ರೆಸ್ ತೊಟ್ಟ ಮಕ್ಕಳು ಸಾಲಾಗಿ ನಿಂತು ಎಣಿಕೆಗೆ ಸರಿಯಾಗಿ ಪಂಚ್ ಹೊಡೆಯುತ್ತಿರುವುದು ಕಾಣಸಿಗುತ್ತದೆ. ಇದು ಗರಡಿಗಳ ನಾಡು. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಗರಡಿಗಳು ಇಂದು ಆರಾಧನೆಯ ತಾಣಗಳಾಗಿದ್ದರೂ, ತಾಲೀಮು ಹಬ್ಬದ ಮೆರವಣಿಗೆಗಳಿಗಷ್ಟೇ ಸೀಮಿತವಾಗಿದ್ದರೂ, ಮಕ್ಕಳು ಮೈ ಬಗ್ಗಿಸಿ ಏನನ್ನಾದರೂ ಕಲಿಯಬೇಕೆಂಬ ಆಸೆ ಇಲ್ಲಿನ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಆದ್ದರಿಂದ ಕರಾಟೆ ತರಗತಿಯನ್ನು ಆರಂಭಿಸುವುದು ಇಲ್ಲಿ ಕಷ್ಟದ ಕೆಲಸವಲ್ಲ. ಜೂನ್ ತಿಂಗಳಲ್ಲಿ ಸಭಾಂಗಣ ತುಂಬಿಯೇ ತುಂಬುತ್ತದೆ. ಕಷ್ಟವಿರುವುದು ಆಮೇಲೆ. ನಾನು ತರಗತಿ ಆರಂಭಿಸಿದ ವರ್ಷ ಸೇರಿದವರಲ್ಲಿ ಮೂರನೆಯ ವರ್ಷಕ್ಕೆ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಎಂಟು, ಒಂಬತ್ತನೇ ತರಗತಿಗೆ ಬಂದ ಮಕ್ಕಳು ಟ್ಯೂಷನ್ ಎಂದು ಒಬ್ಬೊಬ್ಬರಾಗಿ ಬಿಟ್ಟರು, ಹತ್ತನೇ ತರಗತಿಯಲ್ಲಂತೂ ಯಾರೂ ಇರಲಿಲ್ಲ.

ಅಂದಿನಿಂದ ತರಗತಿಯ ಬೆಳವಣಿಗೆಯನ್ನು ನಾನು ಕಪಾಟಿನಲ್ಲಿರುವ ಪದಕಗಳಿಂದ ಅಳೆಯುವುದನ್ನು ಬಿಟ್ಟೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋದ ನಂತರವೂ ವಾರಕ್ಕೆ ಒಂದು ದಿನವಾದರೂ ಬಂದು ಸಾಲಿನಲ್ಲಿ ನಿಲ್ಲುವವರು ಎಷ್ಟು ಮಂದಿ ಎಂಬುದೇ ನನ್ನ ಅಳತೆ. ಹೊಸದಾಗಿ ತರಗತಿ ನಡೆಸಲು ಹೊರಟಿರುವ ಶಿಕ್ಷಕರಿಗೆ, ಈಗಾಗಲೇ ನಡೆಸುತ್ತಿದ್ದು ಮಕ್ಕಳು ನಿಲ್ಲುತ್ತಿಲ್ಲವೆಂದು ನೊಂದಿರುವವರಿಗೆ ಮತ್ತು ಜೊತೆಗೂಡಿ ದುಡಿಯುವ ಪೋಷಕರಿಗೆ ಮುಂದಿನ ಹೆಜ್ಜೆಗಳು ಉಪಯೋಗಕ್ಕೆ ಬರಬಹುದು.

ಮೊದಲ ಹೆಜ್ಜೆ: ನೆಲ ಮತ್ತು ಮಳೆಗಾಲ

ಕರಾವಳಿಯಲ್ಲಿ ಶಾಲಾ ವರ್ಷವೂ ಮಳೆಗಾಲವೂ ಒಟ್ಟಿಗೆ ಆರಂಭವಾಗುತ್ತವೆ. ಹೊಸ ಮಕ್ಕಳು ಸೇರುವ ಹೊತ್ತಿಗೆ ಸಭಾಂಗಣದ ನೆಲ ಬೆವರಿರುತ್ತದೆ. ಕಾವಿ ಬಣ್ಣದ ನಯವಾದ ನೆಲವಾಗಲಿ ಗ್ರಾನೈಟ್ ಆಗಲಿ, ತೇವವಿದ್ದರೆ ಬರಿಗಾಲಿನಲ್ಲಿ ತಿರುಗುವ ಮಗುವಿಗೆ ಮೊಣಕಾಲು ತಿರುಚಿಕೊಳ್ಳಲು ಅಷ್ಟೇ ಸಾಕು. ತರಗತಿಗೆ ಹತ್ತು ನಿಮಿಷ ಮೊದಲು ಒಣ ಬಟ್ಟೆಯಿಂದ ನೆಲ ಒರೆಸುವ ಕೆಲಸವನ್ನು ಹಿರಿಯ ಬೆಲ್ಟಿನ ಮಕ್ಕಳಿಗೆ ಸರದಿಯಂತೆ ವಹಿಸಿ, ನೀವೂ ಒಂದು ಬಟ್ಟೆ ಹಿಡಿದುಕೊಳ್ಳಿ.

ಜೋಡಿಸುವ ಫೋಮ್ ಮ್ಯಾಟುಗಳಿದ್ದರೆ ಅವುಗಳ ಅಡಿಭಾಗವನ್ನು ವಾರಕ್ಕೊಮ್ಮೆ ತಿರುಗಿಸಿ ನೋಡಿ. ಮೇಲೆ ಸ್ವಚ್ಛವಾಗಿ ಕಾಣುವ ಮ್ಯಾಟಿನ ಕೆಳಗೆ ಜುಲೈ ತಿಂಗಳಲ್ಲಿ ಕಪ್ಪು ಬೂಷ್ಟು ಹಿಡಿದಿರುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿ ಫ್ಯಾನ್ ಗಾಳಿಗೆ ಒಣಗಿಸಬೇಕು. ದಪ್ಪ ಹತ್ತಿಯ ಕರಾಟೆ ಡ್ರೆಸ್ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲವಾದ್ದರಿಂದ, ಆ ತಿಂಗಳುಗಳಲ್ಲಿ ಟೀ ಶರ್ಟ್ ಮತ್ತು ಡ್ರೆಸ್ಸಿನ ಪ್ಯಾಂಟಿನಲ್ಲಿ ಅಭ್ಯಾಸ ಮಾಡಲು ಅನುಮತಿ ಕೊಡಿ. ಒದ್ದೆ ಡ್ರೆಸ್ ತೊಟ್ಟು ಬಂದ ಒಂದು ಮಗುವಿನಿಂದ ಗಜಕರ್ಣ ಇಡೀ ಸಾಲಿಗೆ ಹಬ್ಬಿದ್ದನ್ನು ನಾನು ಕಂಡಿದ್ದೇನೆ. ಚರ್ಮದಲ್ಲಿ ಉಂಗುರದಂತಹ ಗುರುತು ಕಂಡರೆ ವೈದ್ಯರಿಗೆ ತೋರಿಸಿ ಗುಣವಾಗುವವರೆಗೆ ಜೋಡಿ ಅಭ್ಯಾಸದಿಂದ ಆ ಮಗುವನ್ನು ದೂರವಿಡಬೇಕು. ಆದರೆ ತರಗತಿಯಿಂದ ದೂರವಿಡಬಾರದು, ಪಕ್ಕದಲ್ಲಿ ಕುಳಿತು ಎಣಿಕೆ ಹೇಳುವ ಕೆಲಸ ಕೊಡಬಹುದು.

ವಾರ ಮತ್ತು ಸಮಯ ಬದಲಾಗದಿರಲಿ. ದೇವಸ್ಥಾನದ ಅಥವಾ ಸಮುದಾಯದ ಸಭಾಂಗಣಗಳು ಪೂಜೆ, ಮದುವೆ, ಬೊಜ್ಜ (ಉತ್ತರಕ್ರಿಯೆ)ಗಳಿಗೆ ಬೇಕಾಗುತ್ತವೆಯಾದ್ದರಿಂದ, ವರ್ಷದ ಆರಂಭದಲ್ಲೇ ಆಡಳಿತ ಮಂಡಳಿಯವರೊಡನೆ ಕುಳಿತು ಆ ದಿನಗಳನ್ನು ಗುರುತಿಸಿಕೊಂಡು, ಅಂದು ಬೇರೆಲ್ಲಿ ಸೇರಬೇಕೆಂಬುದನ್ನು ಪೋಷಕರಿಗೆ ಮೊದಲೇ ತಿಳಿಸಿ.

ಎರಡನೆಯ ಹೆಜ್ಜೆ: ಅಭ್ಯಾಸದ ತಿರುಳು

ಆರಂಭಿಕರ ಕಟಾಗಳ, ಅಂದರೆ ಕ್ರಮ ತಪ್ಪದೆ ಮಾಡುವ ಚಲನೆಗಳ ಸರಣಿಗಳ, ಹುಟ್ಟನ್ನು ತಿಳಿದರೆ ಕಲಿಸುವ ಕ್ರಮವೂ ಹೊಳೆಯುತ್ತದೆ. ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಇತೊಸು ಅಂಕೊ ಅವರು 20ನೆಯ ಶತಮಾನದ ಮೊದಲ ದಶಕದಲ್ಲಿ ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದಾಗ, ಗುಂಪಿನಲ್ಲಿ ಕಲಿಯುವ ಮಕ್ಕಳಿಗಾಗಿ ಐದು ಪಿನಾನ್ ಕಟಾಗಳನ್ನು ರೂಪಿಸಿದರು. ಇದೇ ಐದು ಕಟಾಗಳು ಶೊತೊಕಾನ್ ಎಂಬ ಕರಾಟೆ ಶೈಲಿಯಲ್ಲಿ ಹೆಇಆನ್ ಎಂಬ ಹೆಸರಿನಲ್ಲಿವೆ. ನಮ್ಮ ಮಕ್ಕಳು ಮೊದಲಿಗೆ ಕಲಿಯುವ 21 ಚಲನೆಗಳ ಹೆಇಆನ್ ಶೊದಾನ್ ಶಾಲೆಯ ಅಂಗಳದಲ್ಲಿ ಬೆಳೆದ ಕಟಾ. ಅದನ್ನು ಬೇಗ ಮುಗಿಸಿ ಬೆಲ್ಟ್ ಕೊಟ್ಟು ಕಳುಹಿಸುವುದಕ್ಕಿಂತ ಗುಂಪಾಗಿ, ನಿಧಾನವಾಗಿ, ಒಬ್ಬರನ್ನೊಬ್ಬರು ಗಮನಿಸುತ್ತ ಕಲಿಯುವುದೇ ಅದಕ್ಕೆ ಸರಿಹೊಂದುತ್ತದೆ.

ಒಂದೂವರೆ ಗಂಟೆಯ ತರಗತಿಯಲ್ಲಿ ಮೊದಲ ಕಾಲು ಗಂಟೆ ಮೈ ಬಿಸಿ ಮಾಡುವುದಕ್ಕೆ, ನಂತರದ ಅರ್ಧ ಗಂಟೆ ಮೂಲ ಪಾಠಕ್ಕೆ, ಅಂದರೆ ನಿಲುವು, ಪಂಚ್, ತಡೆ ಮತ್ತು ಕಿಕ್‌ಗಳಿಗೆ, ಇನ್ನರ್ಧ ಗಂಟೆ ಕಟಾಕ್ಕೆ ಮತ್ತು ಉಳಿದ ಹೊತ್ತು ಜೋಡಿ ಅಭ್ಯಾಸಕ್ಕೆ ಇಡುವುದು ನನ್ನ ರೂಢಿ. ಯಕ್ಷಗಾನ ಕಲಿಸುವವರು ತಾಳಕ್ಕೆ ಹೆಜ್ಜೆ ಕೂಡುವವರೆಗೆ ವೇಷ ಕಟ್ಟಿಸುವುದಿಲ್ಲ. ಅದೇ ತಾಳ್ಮೆ ನಮಗೂ ಬೇಕು.

ಒಂದು ನಿಲುವನ್ನೇ ಹತ್ತಿರದಿಂದ ನೋಡೋಣ. ಒಂದು ಕಾಲನ್ನು ಮುಂದಿಟ್ಟು ನಿಲ್ಲುವ ಜೆನ್‌ಕುತ್ಸು ದಾಚಿ ಎಂಬ ನಿಲುವಿನಲ್ಲಿ ಎರಡು ಪಾದಗಳ ನಡುವಿನ ಅಗಲ ಭುಜದಷ್ಟು, ಉದ್ದ ಅದರ ಸುಮಾರು ಎರಡರಷ್ಟು. ಮುಂದಿನ ಮೊಣಕಾಲು ಪಾದದ ಮೇಲಕ್ಕೆ ಬಾಗಿರಬೇಕು, ಹಿಂದಿನ ಕಾಲು ನೇರವಾಗಿದ್ದು ಹಿಮ್ಮಡಿ ನೆಲಕ್ಕೆ ಅಂಟಿರಬೇಕು. ಹೇಳುವಾಗ ಸುಲಭ. ಆದರೆ ಪಂಚ್ ಹೊಡೆಯುವ ಕ್ಷಣದಲ್ಲಿ ಹೊಸ ಮಗುವಿನ ಹಿಂದಿನ ಹಿಮ್ಮಡಿ ತನ್ನಷ್ಟಕ್ಕೆ ಒಂದು ಅಂಗುಲ ಮೇಲೇಳುತ್ತದೆ, ಅದರೊಡನೆ ಸೊಂಟ ಓರೆಯಾಗುತ್ತದೆ, ಪಂಚ್‌ನ ಬಲವೆಲ್ಲ ಭುಜದಲ್ಲೇ ಉಳಿದುಬಿಡುತ್ತದೆ. ಬಾಯಲ್ಲಿ ಎಷ್ಟು ಸಲ ಹೇಳಿದರೂ ಮಗುವಿಗೆ ಅದು ಗೊತ್ತಾಗುವುದಿಲ್ಲ. ಹಿಮ್ಮಡಿಯ ಕೆಳಗೆ ಮಡಚಿದ ಒಂದು ಕಾಗದದ ಚೂರನ್ನು ಇಟ್ಟು, ಪಂಚ್ ಹೊಡೆದ ನಂತರ ಜೊತೆಗಾರ ಅದನ್ನು ಎಳೆದು ನೋಡಲಿ. ಕಾಗದ ಬಂದರೆ ಹಿಮ್ಮಡಿ ಎದ್ದಿದೆ ಎಂದರ್ಥ. ಏಳು ವರ್ಷದ ಹುಡುಗಿಯೊಬ್ಬಳು ಈ ಕಾಗದವನ್ನು ಮನೆಗೂ ಒಯ್ದು, ಅಜ್ಜಿಯಿಂದ ಎಳೆಸಿ ನೋಡುತ್ತಿದ್ದಳಂತೆ. ತಿಂಗಳೊಳಗೆ ಅವಳ ನಿಲುವು ಹಳದಿ ಬೆಲ್ಟಿನವರಿಗಿಂತ ಗಟ್ಟಿಯಾಗಿತ್ತು.

ಜೋಡಿ ಅಭ್ಯಾಸದಲ್ಲಿ ಮೊದಲು ಕಲಿಸಬೇಕಾದದ್ದು ಹೊಡೆತವನ್ನು ನಿಲ್ಲಿಸುವುದನ್ನು. ಹೊಡೆಯುವುದು ಆಮೇಲಿನ ಮಾತು. ಇದನ್ನು ಮಕ್ಕಳಿಗೆ ಮನದಟ್ಟು ಮಾಡಲು ನಾನು 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಒಂದು ಫೈನಲ್ ಪಂದ್ಯದ ಕತೆ ಹೇಳುತ್ತೇನೆ. ಕರಾಟೆ ಒಲಿಂಪಿಕ್ಸ್‌ಗೆ ಬಂದದ್ದು ಆ ಒಂದೇ ಸಲ. 2024ರ ಪ್ಯಾರಿಸ್ ಕೂಟದಲ್ಲಿ ಅದು ಇರಲಿಲ್ಲ. ಪುರುಷರ 75 ಕೆ.ಜಿ.ಗಿಂತ ಮೇಲಿನ ವಿಭಾಗದ ಫೈನಲ್‌ನಲ್ಲಿ ಸೌದಿ ಅರೇಬಿಯಾದ ತಾರೆಗ್ ಹಮೆದಿ 4-1ರಿಂದ ಮುಂದಿದ್ದಾಗ ಅವರ ಕಿಕ್ ಇರಾನಿನ ಸಜ್ಜಾದ್ ಗಂಜ್‌ಜಾದೆ ಅವರ ತಲೆಗೆ ಬಿಗಿಯಾಗಿ ತಗಲಿ, ಅವರು ಪ್ರಜ್ಞೆ ತಪ್ಪಿ ಬಿದ್ದರು. ನಿಯಂತ್ರಣವಿಲ್ಲದ ಹೊಡೆತವೆಂದು ಹಮೆದಿ ಅವರನ್ನು ಅನರ್ಹಗೊಳಿಸಲಾಯಿತು, ಚಿನ್ನ ಗಂಜ್‌ಜಾದೆ ಅವರ ಪಾಲಾಯಿತು. ಗೆಲುವಿನ ಅಂಚಿನಲ್ಲಿದ್ದವರ ಕೈಯಿಂದ ಒಲಿಂಪಿಕ್ ಚಿನ್ನವೇ ಜಾರಿಹೋದ ಈ ಕತೆ ಕೇಳಿದ ದಿನ ಮಕ್ಕಳು ಜೋಡಿಯ ಮುಂದೆ ಹೆಚ್ಚು ಎಚ್ಚರದಿಂದ ನಿಲ್ಲುತ್ತಾರೆ.

ಮೂರನೆಯ ಹೆಜ್ಜೆ: ಹಿರಿಯ ಮಕ್ಕಳಿಗೆ ಕೆಲಸ ಕೊಡಿ

ಈ ಇಡೀ ಬರಹದಲ್ಲಿ ಒಂದೇ ಸಲಹೆಯನ್ನು ಆರಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ಎಂಟನೇ ತರಗತಿಗೆ ಬಂದ ಹುಡುಗನೋ ಹುಡುಗಿಯೋ ಕರಾಟೆ ಬಿಡುವುದು ಕೇವಲ ಟ್ಯೂಷನ್ನಿನಿಂದಲ್ಲ. ಚಿಕ್ಕ ಮಕ್ಕಳ ಜೊತೆ ಅದೇ ಎಣಿಕೆಗೆ ಅದೇ ಪಂಚ್ ಹೊಡೆಯುವುದರಲ್ಲಿ ತನಗೇನು ಸ್ಥಾನವಿದೆ ಎಂಬ ಪ್ರಶ್ನೆ ಆ ವಯಸ್ಸಿನಲ್ಲಿ ಏಳುತ್ತದೆ. ಅದಕ್ಕೆ ನಾವು ಉತ್ತರ ಕೊಡದಿದ್ದರೆ ಅವರು ಬಾರದೆ ಉಳಿಯುತ್ತಾರೆ.

ನೀಲಿ ಬೆಲ್ಟ್ ಬಂದ ಕೂಡಲೇ ಪ್ರತಿಯೊಬ್ಬರಿಗೂ ಹೊಸದಾಗಿ ಸೇರಿದ ಇಬ್ಬರು ಬಿಳಿ ಬೆಲ್ಟಿನ ಮಕ್ಕಳನ್ನು ಒಪ್ಪಿಸಿ, ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಆ ಇಬ್ಬರಿಗೆ ಅವರೇ ಕಲಿಸಲಿ. ಏನು ಕಲಿಸಬೇಕೆಂಬುದನ್ನು ನೀವು ಹೇಳಿ, ಹೇಗೆ ಕಲಿಸಬೇಕೆಂಬುದನ್ನು ಅವರಿಗೇ ಬಿಡಿ, ಮಧ್ಯೆ ಹೋಗಿ ತಿದ್ದಬೇಡಿ. ತಿದ್ದಬೇಕಾದದ್ದನ್ನು ತರಗತಿ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ. ಬಿಳಿ ಬೆಲ್ಟಿನವರ ಪರೀಕ್ಷೆಯ ದಿನ ಕಲಿಸಿದ ಹಿರಿಯರು ಪಕ್ಕದಲ್ಲಿ ನಿಲ್ಲಬೇಕು. ಒಮ್ಮೆ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನು ಬಿಡುತ್ತೇನೆಂದು ಹೇಳಲು ಬಂದವನು, "ಮಾಸ್ಟ್ರೇ, ಇವ ಮುಂದಿನ ತಿಂಗಳು ಟೆಸ್ಟ್ ಕೊಡ್ತಾನಲ್ಲ, ಅದಾದ ಮೇಲೆ ಬಿಡ್ತೇನೆ" ಎಂದ. ಆ ಟೆಸ್ಟ್ ಆಯಿತು, ಇನ್ನೊಂದೂ ಆಯಿತು, ಅವನು ಬಿಡಲಿಲ್ಲ.

ಹತ್ತನೇ ತರಗತಿಯ ಮಕ್ಕಳಿಗೆ ನಿಯಮವನ್ನೇ ಸಡಿಲಿಸಿ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಒಂದು ದಿನ, ನಲವತ್ತೈದು ನಿಮಿಷ ಬಂದರೆ ಸಾಕು, ಆ ತಿಂಗಳುಗಳಿಗೆ ಶುಲ್ಕ ಬೇಡ ಎಂದು ಪೋಷಕರಿಗೆ ನೀವೇ ಹೋಗಿ ಹೇಳಿ. ಪೂರ್ತಿ ಬಿಟ್ಟವರು ಮರಳಿ ಬರುವುದು ಅಪರೂಪ, ತೆಳುವಾದ ನೂಲಿನಷ್ಟಾದರೂ ಸಂಬಂಧ ಉಳಿಸಿಕೊಂಡವರು ಏಪ್ರಿಲ್‌ನಲ್ಲಿ ಬಂದೇ ಬರುತ್ತಾರೆ.

ಹೆಣ್ಣುಮಕ್ಕಳು ಉಳಿಯಬೇಕಾದರೆ ಕಲಿಸುವ ಸಾಲಿನಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು, ಬಟ್ಟೆ ಬದಲಾಯಿಸಲು ಚಿಲಕವಿರುವ ಕೋಣೆ ಬೇಕು, ತರಗತಿಯ ಬಾಗಿಲು ಪೋಷಕರಿಗೆ ಯಾವಾಗಲೂ ತೆರೆದಿರಬೇಕು. ಇದರಲ್ಲಿ ರಾಜಿಯಿಲ್ಲ.

ನಾಲ್ಕನೆಯ ಹೆಜ್ಜೆ: ಹಬ್ಬದ ವೇದಿಕೆ

ಕರಾವಳಿಯಲ್ಲಿ ಆಗಸ್ಟ್‌ನಿಂದ ಜನವರಿಯವರೆಗೆ ವೇದಿಕೆಗಳಿಗೆ ಬರವಿಲ್ಲ. ಅಷ್ಟಮಿ, ಮೊಸರು ಕುಡಿಕೆ, ಚೌತಿಯ ಸಾರ್ವಜನಿಕ ಗಣೇಶೋತ್ಸವ, ನವರಾತ್ರಿಯ ಶಾರದೋತ್ಸವ, ನಂತರ ಶಾಲಾ ವಾರ್ಷಿಕೋತ್ಸವಗಳು. ವರ್ಷಕ್ಕೆ ಎರಡು ಕಾರ್ಯಕ್ರಮ ಸಾಕು. ಕರೆದಲ್ಲೆಲ್ಲ ಹೋದರೆ ಅಭ್ಯಾಸವೆಲ್ಲ ರಿಹರ್ಸಲ್ ಆಗಿಬಿಡುತ್ತದೆ.

ಪ್ರದರ್ಶನ ಹೇಗೆ ಒಂದು ಬಳಗವನ್ನು ಕಟ್ಟುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ, ಹುಲಿವೇಷದ ತಂಡಗಳನ್ನು ಗಮನಿಸಿದರೆ ಸಾಕು. ತಾಸೆ ವಾದ್ಯದ ಪೆಟ್ಟಿಗೆ ದೊಡ್ಡ ಹುಲಿಗಳು ಕುಣಿಯುವಾಗ ಮರಿಹುಲಿಯನ್ನು ಮೂಲೆಗೆ ತಳ್ಳುವುದಿಲ್ಲ, ನಡುವೆ ಬಿಡುತ್ತಾರೆ. ಹಲ್ಲಿನಿಂದ ಅಕ್ಕಿಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಭಾರದ ಗಂಟು) ಎತ್ತಿ ಹಿಂದಕ್ಕೆ ಎಸೆಯುವ ಕಸರತ್ತು ಪಳಗಿದ ಹಿರಿಯರಿಗೆ ಮೀಸಲು. ಯಾರು ಏನು ಮಾಡಬಹುದು ಎಂಬ ಮರ್ಯಾದೆ ಅಲ್ಲಿದೆ, ಎಲ್ಲರಿಗೂ ಒಂದು ಪಾತ್ರವೂ ಇದೆ. ಈಚಿನ ವರ್ಷಗಳಲ್ಲಿ ಮಂಗಳೂರಿನಲ್ಲಿ ಹುಲಿವೇಷದ ಸ್ಪರ್ಧೆಗಳು ದೊಡ್ಡದಾಗಿ ನಡೆಯತೊಡಗಿದ ಮೇಲೆ ತಂಡಗಳು ಸಮಯದ ಮಿತಿ, ಹೆಜ್ಜೆಯ ಹೊಂದಿಕೆ, ಪ್ರವೇಶ ಮತ್ತು ನಿರ್ಗಮನಗಳನ್ನು ಅಳೆದು ತೂಗಿ ಸಿದ್ಧಪಡಿಸಿಕೊಳ್ಳುತ್ತಿವೆ.

ಕಾರ್ಯಕ್ರಮವನ್ನು ಏಳೆಂಟು ನಿಮಿಷಕ್ಕೆ ಮಿತಿಗೊಳಿಸಿ. ಮೊದಲಿಗೆ ಬಿಳಿ ಬೆಲ್ಟಿನವರ ಗುಂಪು ಪಾಠ, ನಂತರ ಮೂವರ ತಂಡದ ಕಟಾ, ಅದೇ ಕಟಾದ ಚಲನೆಗಳು ನಿಜವಾದ ಎದುರಾಳಿಯ ಮುಂದೆ ಹೇಗೆ ಕೆಲಸ ಮಾಡುತ್ತವೆಂಬ ಜೋಡಿ ಪ್ರಾತ್ಯಕ್ಷಿಕೆ, ಕೊನೆಗೆ ಎಲ್ಲರೂ ಸೇರಿ ಹೆಇಆನ್ ಶೊದಾನ್. ಸೇರಿ ಮೂರೇ ತಿಂಗಳಾದ ಮಗುವೂ ವೇದಿಕೆಯ ಮೇಲಿರಬೇಕು. ವೇದಿಕೆಯನ್ನು ಹಿಂದಿನ ದಿನವೇ ಹೋಗಿ ಹೆಜ್ಜೆಯಿಂದ ಅಳೆಯಿರಿ, ಹಲಗೆಗಳ ಸಂದು ಮತ್ತು ಎದ್ದುನಿಂತ ಮೊಳೆಗಳನ್ನು ನೋಡಿ, ಸಡಿಲವಾದ ಕಾರ್ಪೆಟ್ಟನ್ನು ತೆಗೆಸಿ. ಧ್ವನಿವರ್ಧಕ ಮತ್ತು ಜನರೇಟರಿನ ಸದ್ದಿನಲ್ಲಿ ನಿಮ್ಮ ಎಣಿಕೆ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ, ಎಣಿಕೆಯಿಲ್ಲದೆ ಒಬ್ಬರ ಉಸಿರನ್ನು ಇನ್ನೊಬ್ಬರು ಹಿಡಿದು ಚಲಿಸುವುದನ್ನು ಒಂದು ತಿಂಗಳು ಮೊದಲೇ ಅಭ್ಯಾಸ ಮಾಡಿಸಬೇಕು. ಈ ಅಭ್ಯಾಸವೇ ಮುಂದೆ ತಂಡದ ಕಟಾ ಸ್ಪರ್ಧೆಯಲ್ಲಿ ಫಲ ಕೊಡುತ್ತದೆ.

ಹೆಂಚು ಒಡೆಯುವ ವಿಷಯವನ್ನು ಬಿಚ್ಚಿ ಹೇಳಲೇಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಕಾರ್ಖಾನೆ ಹಾಕಿದಂದಿನಿಂದ ಮಂಗಳೂರು ಹೆಂಚು ನಮ್ಮ ಊರಿನ ಗುರುತು, ಹಳೆಯ ಮನೆ ಕೆಡವಿದಲ್ಲೆಲ್ಲ ರಾಶಿ ಬಿದ್ದಿರುತ್ತದೆ, ಆದ್ದರಿಂದ ಸಂಘಟಕರು ಮೊದಲು ಕೇಳುವುದೇ "ಹೆಂಚು ಒಡೆಸ್ತೀರಾ?" ಎಂದು. ಹದಿನಾರು ವರ್ಷದೊಳಗಿನ ಮಕ್ಕಳಿಂದ ಕೈಯಲ್ಲಾಗಲಿ ತಲೆಯಲ್ಲಾಗಲಿ ಹೆಂಚು ಒಡೆಸಬೇಡಿ. ಆ ವಯಸ್ಸಿನಲ್ಲಿ ಎಲುಬಿನ ತುದಿಯ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಅಲ್ಲಿ ಬಿದ್ದ ಪೆಟ್ಟು ಎಲುಬಿನ ಬೆಳವಣಿಗೆಯನ್ನೇ ಕೆಡಿಸಬಹುದು. ಮೊದಲೇ ಬಿರುಕು ಬಿಟ್ಟ ಹೆಂಚನ್ನಿಟ್ಟು ಒಡೆಸುವುದು ನೋಡುವವರಿಗೂ ಮಗುವಿಗೂ ಮಾಡುವ ಮೋಸ. ಚಪ್ಪಾಳೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಮೂವರು ಹುಡುಗಿಯರು ಒಂದೇ ಉಸಿರಿನಲ್ಲಿ ತಿರುಗಿ ನಿಂತಾಗ ಸಭೆ ಮೌನವಾಗುವುದನ್ನು ಕಂಡ ಸಂಘಟಕರು ಮರುವರ್ಷ ಹೆಂಚಿನ ಮಾತೆತ್ತುವುದಿಲ್ಲ.

ಐದನೆಯ ಹೆಜ್ಜೆ: ಸ್ಪರ್ಧೆಗೆ ಯಾವಾಗ, ಹೇಗೆ

ಆರಂಭದ ವರ್ಷಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪೆಂದರೆ, ಸೇರಿ ನಾಲ್ಕೇ ತಿಂಗಳಾಗಿದ್ದ ಹುಡುಗನೊಬ್ಬನನ್ನು ಚುರುಕಾಗಿದ್ದಾನೆಂಬ ಕಾರಣಕ್ಕೆ ಟೂರ್ನಮೆಂಟಿಗೆ ಕರೆದೊಯ್ದದ್ದು. ಮ್ಯಾಟಿನ ಮೇಲೆ ಸ್ಪರ್ಧಿಯನ್ನು ಗುರುತಿಸಲು ಕೊಡುವ ಕೆಂಪು ಬೆಲ್ಟ್ ಕಟ್ಟಿಕೊಂಡು ನಿಂತವನಿಗೆ ಕಟಾದ ಏಳನೆಯ ಚಲನೆ ಮರೆತುಹೋಯಿತು. ಅವನು ನನ್ನ ಕಡೆಗೆ ತಿರುಗಿ ನೋಡಿದ. ನಾನು ಏನೂ ಹೇಳುವಂತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವನು ಮಾತಾಡಲಿಲ್ಲ, ಮರುವಾರ ತರಗತಿಗೂ ಬರಲಿಲ್ಲ. ಅವನ ಮನೆಗೆ ಹೋಗಿ ಅದು ನನ್ನ ತಪ್ಪೆಂದು ಹೇಳುವ ಬುದ್ಧಿ ನನಗೆ ಅಂದು ಬರಲಿಲ್ಲ.

ಈಗ ಮೊದಲ ಸ್ಪರ್ಧೆ ನಮ್ಮ ಸಭಾಂಗಣದಲ್ಲೇ ನಡೆಯುತ್ತದೆ. ನೆಲದಲ್ಲಿ ಟೇಪ್ ಅಂಟಿಸಿ 8 ಮೀಟರ್ ಉದ್ದ, 8 ಮೀಟರ್ ಅಗಲದ ಅಂಕಣ ಮಾಡಿ, ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ ಬೆಲ್ಟ್ ಕಟ್ಟಿ, ಹಿರಿಯ ಮಕ್ಕಳಿಂದ ಧ್ವಜ ಹಿಡಿಸಿ ತೀರ್ಪು ಕೊಡಿಸುತ್ತೇವೆ. ತೀರ್ಪು ಕೊಡಲು ಕಲಿತವರು ನಿಯಮವನ್ನು ಎಂದೂ ಮರೆಯುವುದಿಲ್ಲ. ವಿಶ್ವ ಕರಾಟೆ ಫೆಡರೇಶನ್ನಿನ ಪದ್ಧತಿಯಲ್ಲಿ ಪಂಚ್‌ಗೆ ಯುಕೊ ಎಂದು 1 ಅಂಕ, ಹೊಟ್ಟೆ, ಎದೆ ಅಥವಾ ಬೆನ್ನಿನ ಮಟ್ಟದ ಕಿಕ್‌ಗೆ ವಜಾ ಅರಿ ಎಂದು 2, ತಲೆಯ ಮಟ್ಟದ ಕಿಕ್‌ಗೆ ಅಥವಾ ಬಿದ್ದ ಎದುರಾಳಿಯ ಮೇಲಿನ ಸರಿಯಾದ ತಂತ್ರಕ್ಕೆ ಇಪ್ಪೊನ್ ಎಂದು 3 ಅಂಕ. 8 ಅಂಕಗಳ ಮುನ್ನಡೆ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಆಯಾ ವರ್ಷದ ನಿಯಮ ಪುಸ್ತಕವನ್ನೇ ಓದಿ.

ಇದರ ನಂತರ ನೆರೆಯ ಒಂದೆರಡು ತರಗತಿಗಳೊಡನೆ ಭಾನುವಾರದ ಸ್ನೇಹ ಸ್ಪರ್ಧೆ, ಆಮೇಲೆ ಶಾಲಾ ಇಲಾಖೆಯ ಕ್ರೀಡಾಕೂಟ ಮತ್ತು ಸಂಘಗಳ ಟೂರ್ನಮೆಂಟ್. ಒಂದು ವರ್ಷದ ನಿಯಮಿತ ಅಭ್ಯಾಸವಿಲ್ಲದೆ ಹೊರಗಿನ ಸ್ಪರ್ಧೆ ಬೇಡ. ರಾಷ್ಟ್ರಮಟ್ಟ, ಅಂತಾರಾಷ್ಟ್ರೀಯ ಎಂಬ ದೊಡ್ಡ ಬ್ಯಾನರ್ ನೋಡಿ ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ನಡೆಸುವವರಿಗೆ ಯಾವ ಸಂಸ್ಥೆಯ ಮಾನ್ಯತೆ ಇದೆ, ಒಂದು ವಿಭಾಗದಲ್ಲಿ ಎಷ್ಟು ಮಕ್ಕಳಿರುತ್ತಾರೆ, ವಯಸ್ಸು ಮತ್ತು ತೂಕವನ್ನು ಯಾರು ಪರಿಶೀಲಿಸುತ್ತಾರೆ, ವೈದ್ಯರು ಮತ್ತು ಆಂಬ್ಯುಲೆನ್ಸ್ ಇರುತ್ತವೆಯೇ. ಒಂದು ವಿಭಾಗದಲ್ಲಿ ಮೂವರೇ ಇದ್ದು ಮೂವರಿಗೂ ಪದಕ ಸಿಕ್ಕಿದರೆ ಆ ಪದಕದಿಂದ ಮಗು ಏನನ್ನೂ ಕಲಿಯುವುದಿಲ್ಲ. ಅಪ್ಪ ಅಮ್ಮ ಸಂಪಾದಿಸಿದ ಹಣದ ಬೆಲೆ ನಮಗೆ ಗೊತ್ತಿರಬೇಕು.

ಸುರಕ್ಷತೆಯ ವಿಷಯದಲ್ಲಿ ಚೌಕಾಶಿ ಇಲ್ಲ. ಕುಮಿಟೆಗೆ, ಅಂದರೆ ಎದುರಾಳಿಯೊಡನೆ ಸೆಣಸುವ ಪಂದ್ಯಕ್ಕೆ, ಇಳಿಯುವ ಪ್ರತಿ ಮಗುವಿಗೂ ಗ್ಲೌಸ್, ಹಲ್ಲಿನ ಗಾರ್ಡ್, ಕಣಕಾಲು ಮತ್ತು ಪಾದದ ಗಾರ್ಡ್, ಚಿಕ್ಕ ಮಕ್ಕಳಿಗೆ ಮುಖದ ಮಾಸ್ಕ್ ಮತ್ತು ಎದೆಯ ಗಾರ್ಡ್ ಬೇಕು. ತಲೆಗೆ ಪೆಟ್ಟು ಬಿದ್ದು ಮಗುವಿಗೆ ತಲೆನೋವು, ವಾಂತಿ, ಗೊಂದಲ ಅಥವಾ ಕಣ್ಣು ಮಂಜಾಗುವುದು ಕಂಡರೆ ಫೈನಲ್ ಇದ್ದರೂ ಅಂದು ಮತ್ತೆ ಮ್ಯಾಟಿಗೆ ಇಳಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು, ವೈದ್ಯರು ಒಪ್ಪಿದ ಮೇಲಷ್ಟೇ ಅಭ್ಯಾಸಕ್ಕೆ ಮರಳಬೇಕು. ತೂಕದ ವಿಭಾಗಕ್ಕಾಗಿ ಮಕ್ಕಳಿಗೆ ನೀರು ಬಿಡಿಸುವುದು, ಊಟ ಬಿಡಿಸುವುದು ಕೂಡದು. ಮೇಲಿನ ವಿಭಾಗದಲ್ಲಿ ಆಡಿ ಸೋತರೂ ಸರಿ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ನೇರವಾಗಿ ಮ್ಯಾಟಿಗೆ ಇಳಿಸಬೇಡಿ, ಸಾಧ್ಯವಾದರೆ ಒಂದು ದಿನ ಮೊದಲೇ ತಲುಪಿ.

ಪಂದ್ಯದ ಹೊತ್ತಿನಲ್ಲಿ ಮೂಲೆಯಲ್ಲಿ ಕುಳಿತ ನೀವು ರೆಫರಿಯ ಮೇಲೆ ಕೂಗಾಡಿದರೆ ಮಕ್ಕಳು ಕಲಿಯುವುದು ಅದನ್ನೇ. ಆಕ್ಷೇಪವಿದ್ದರೆ ನಿಯಮದಲ್ಲಿ ಹೇಳಿದ ಕ್ರಮದಲ್ಲಿ ಸಲ್ಲಿಸಿ, ಉತ್ತರ ಬಂದ ಮೇಲೆ ತಲೆಬಾಗಿಸಿ ಎದ್ದುಬನ್ನಿ.

ಆರನೆಯ ಹೆಜ್ಜೆ: ಸೋಮವಾರದ ತರಗತಿ

ಸ್ಪರ್ಧೆಯಿಂದ ಅಥವಾ ಹಬ್ಬದ ವೇದಿಕೆಯಿಂದ ಮರಳಿದ ನಂತರದ ಮೊದಲ ತರಗತಿಯನ್ನು ಹೆಚ್ಚಿನವರು ಹೊಗಳಿಕೆಗೆ ಅಥವಾ ವಿಶ್ರಾಂತಿಗೆ ಬಿಟ್ಟುಬಿಡುತ್ತಾರೆ. ಆ ದಿನ ಮಕ್ಕಳೆಲ್ಲರೂ ವೃತ್ತಾಕಾರವಾಗಿ ಕುಳಿತುಕೊಳ್ಳಲಿ. ಹೋಗಿ ಬಂದವರು ಒಬ್ಬೊಬ್ಬರಾಗಿ ತಮ್ಮ ಯಾವ ಚಲನೆ ಕೆಟ್ಟಿತು, ಎದುರಾಳಿಯಲ್ಲಿ ಏನು ಚೆನ್ನಾಗಿತ್ತು ಎಂದು ಹೇಳಲಿ. ಒಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಬರೆದ ಎರಡು ಮೂರು ದೋಷಗಳೇ ಮುಂದಿನ ನಾಲ್ಕು ವಾರಗಳ ಪಾಠವಾಗಬೇಕು, ಅದೂ ಇಡೀ ತರಗತಿಗೆ. ಸ್ಪರ್ಧೆಗೆ ಹೋಗದ ಮಗುವಿಗೂ ಆ ಸೋಲಿನಿಂದ ಪಾಠ ಸಿಕ್ಕಿದಾಗ, ಹೋದವರು ಮತ್ತು ಹೋಗದವರು ಎಂಬ ಎರಡು ಗುಂಪುಗಳು ಹುಟ್ಟುವುದಿಲ್ಲ. ಒಮ್ಮೆ ನಮ್ಮ ಐವರೂ ಒಂದೇ ಬಗೆಯಲ್ಲಿ ಅಂಕ ಕಳೆದುಕೊಂಡಿದ್ದರು: ಪಂಚ್ ಹೊಡೆದ ಮೇಲೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳದೆ ಅಲ್ಲೇ ನಿಂತಿದ್ದರು. ತಪ್ಪು ಅವರದ್ದಲ್ಲ, ನಾನು ಕಲಿಸಿದ ರೀತಿಯದ್ದು ಎಂದು ಆ ಪುಸ್ತಕದಿಂದಲೇ ನನಗೆ ತಿಳಿಯಿತು.

ಹಣದ ಲೆಕ್ಕವೂ ಹೀಗೆಯೇ ತೆರೆದಿರಲಿ. ಶುಲ್ಕ, ಗ್ರೇಡಿಂಗ್ (ಬೆಲ್ಟ್ ಪರೀಕ್ಷೆ) ಹಣ, ಪ್ರಯಾಣದ ವೆಚ್ಚಗಳನ್ನು ಪೋಷಕರ ಪೈಕಿ ಇಬ್ಬರು ನೋಡಿಕೊಳ್ಳಲಿ. ಕಟ್ಟಲಾಗದ ಮನೆಯ ಮಗುವಿನ ಹೆಸರು ಆ ಇಬ್ಬರನ್ನು ಬಿಟ್ಟು ಯಾರಿಗೂ ತಿಳಿಯಬಾರದು. ಮುಂದಿನ ಬೆಲ್ಟಿಗೆ ಹೋದವರ ಹಳೆಯ ಬೆಲ್ಟ್, ಗಿಡ್ಡವಾದ ಡ್ರೆಸ್ಸುಗಳನ್ನು ಒಗೆದು ಒಂದು ಪೆಟ್ಟಿಗೆಯಲ್ಲಿಟ್ಟರೆ ಹೊಸಬರಿಗೆ ಆಗುತ್ತದೆ.

ಹಾಜರಿ ಪುಸ್ತಕದಲ್ಲಿ ಕೊನೆಯ ಎರಡು ಪುಟಗಳನ್ನು ಊರು ಬಿಟ್ಟವರಿಗಾಗಿ ತೆಗೆದಿರಿಸಿ. ಓದಲು ಬೆಂಗಳೂರಿಗೋ ಕೆಲಸಕ್ಕೆ ಗಲ್ಫಿಗೋ ಹೋದವರ ಹೆಸರು, ಅವರು ಕಟ್ಟಿದ ಕೊನೆಯ ಬೆಲ್ಟ್ ಅಲ್ಲಿರಲಿ. ಅಷ್ಟಮಿಗೆ ಅಥವಾ ನವರಾತ್ರಿಗೆ ರಜೆಯಲ್ಲಿ ಬರುವವರಿಗೆ ಹದಿನೈದು ದಿನ ಮೊದಲೇ ಫೋನ್ ಮಾಡಿ, ವೇದಿಕೆಯ ಕೊನೆಯ ಕಟಾಕ್ಕೆ ಬಂದು ಸಾಲಿನಲ್ಲಿ ನಿಲ್ಲುವಂತೆ ಹೇಳಿ. ಡ್ರೆಸ್ ಬಿಗಿಯಾಗಿದ್ದರೆ ಪೆಟ್ಟಿಗೆಯಲ್ಲಿ ದೊಡ್ಡದೊಂದು ಇರುತ್ತದೆ.